ಕರಾವಳಿಯಲ್ಲಿ ನೀರಿನ ದಂಡೆಯ ಊಟ: ಎಲ್ಲಿ ಕೂರಬೇಕು, ಎಲ್ಲಿ ಉಣ್ಣಬೇಕು?

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ಮಂಗಳೂರಿನಿಂದ ಕಾರವಾರದವರೆಗೆ ಕಾರಿನಲ್ಲಿ ಹೋಗುವ ಯೋಚನೆ ಇದೆ. ಕಡಲನ್ನೋ ಹೊಳೆಯನ್ನೋ ನೋಡುತ್ತ ಒಳ್ಳೆಯ ಮೀನೂಟ ಮಾಡಬೇಕೆಂಬುದು ಮನೆಯವರೆಲ್ಲರ ಆಸೆ. ಅತ್ತೆಯವರು ಮೀನು ಬಿಟ್ಟು ಬಹಳ ಕಾಲವಾಯಿತು, ಮಂಡಿನೋವೂ ಇದೆ. ಅಲ್ಲಿಯವರು, ಹೋಗಿ ಬಂದವರು ದಯವಿಟ್ಟು ಅನುಭವ ತಿಳಿಸಿ.

ಕುಂದಾಪುರದಿಂದ:
ಮೊದಲೇ ಹೇಳಿಬಿಡುತ್ತೇನೆ ಮಾರಾಯರೇ, ಒಳ್ಳೆಯ ನೋಟ, ಒಳ್ಳೆಯ ಊಟ ಎರಡೂ ಒಂದೇ ಕಡೆ ಸಿಗುವುದು ನಮ್ಮಲ್ಲಿ ಅಪರೂಪ. ಕಡಲಿನ ಎದುರಿಗೇ ಹೋಟೆಲುಗಳು ಏಕಿಲ್ಲ ಎಂದು ಘಟ್ಟದ ಮೇಲಿನವರು ಕೇಳುತ್ತಾರೆ. ಕರಾವಳಿ ನಿಯಂತ್ರಣ ವಲಯದ ನಿಯಮಗಳಿರುವುದರಿಂದ ಉಬ್ಬರದ ಗೆರೆಯ ಹತ್ತಿರ ಪಕ್ಕಾ ಕಟ್ಟಡ ಎಬ್ಬಿಸುವುದು ಸುಲಭವಲ್ಲ. ಎಬ್ಬಿಸಿದರೂ ಮಳೆಗಾಲದ ಕಡಲ್ಕೊರೆತ ಬಿಡಬೇಕಲ್ಲ! ಹಾಗಾಗಿ ಮರಳಿನ ಮೇಲೆ ಹೆಚ್ಚಾಗಿ ಕಾಣುವುದು ಚುರುಮುರಿ, ಗೋಬಿ, ಐಸ್‌ಕ್ರೀಮಿನ ಅಂಗಡಿಗಳು. ಮೀನು ಬಲ್ಲವರ ಅಡುಗೆ ಸಿಗುವುದು ಬಂದರಿನ ಹಿಂದಿನ ಬೀದಿಗಳಲ್ಲಿ. ಅಲ್ಲಿ ಕುಳಿತರೆ ಎದುರಿಗೆ ಕಾಣುವುದು ಕ್ಯಾಲೆಂಡರ್ ತೂಗುಹಾಕಿದ ಗೋಡೆ.

ಆದ್ದರಿಂದ ನಾನು ಮನೆಗೆ ಬಂದ ನೆಂಟರಿಗೆ ಹೇಳುವುದಿಷ್ಟು: ಮಧ್ಯಾಹ್ನ ಊಟಕ್ಕೆ ಹೋಗಿ, ಸಂಜೆ ನೀರಿಗೆ ಹೋಗಿ. 12.30ಕ್ಕೆಲ್ಲ ಎಲೆಯ ಮುಂದೆ ಇರಬೇಕು. ಕುಚ್ಚಲಕ್ಕಿ ಅನ್ನ, ಬಂಗುಡೆಯ ಹುಳಿಖಾರದ ಪುಳಿಮುಂಚಿ, ಕಾಣೆ ಮೀನಿನ ರವಾ ಫ್ರೈ. ತಡಮಾಡಿದರೆ ಒಳ್ಳೆಯ ತುಂಡುಗಳು ಮುಗಿದು, ಉಳಿದದ್ದಕ್ಕೆ ಮಸಾಲೆ ಬಳಿದು ಕೊಡುತ್ತಾರೆ. ಸಂಜೆ ಹಸಿವೆ ಕಡಿಮೆ ಇರುತ್ತದೆ. ಆಗ ನೀರಿನ ಪಕ್ಕ ಒಂದು ಪ್ಲೇಟು ಸಿಗಡಿ, ಚಹಾ ಇದ್ದರೆ ಸಾಕು. ಅಡುಗೆ ಸಾಧಾರಣವಾದರೂ ಬೇಸರವಾಗುವುದಿಲ್ಲ.

ಇನ್ನು ಯಾವ ನೀರು? ನನ್ನ ಮಟ್ಟಿಗೆ ಕಡಲಲ್ಲ, ಹೊಳೆ ಕಡಲು ಸೇರುವ ಅಳಿವೆ. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಆಮೇಲೆ ಕಡಲೆಂದರೆ ಬರೀ ಕತ್ತಲೆ ಮತ್ತು ಸದ್ದು, ಗಾಳಿಗೆ ತಟ್ಟೆಯಲ್ಲಿ ಮರಳು ಬೇರೆ. ಹೊಳೆಯಾದರೆ ಆಚೆ ದಡದ ದೀಪ, ಮರಳಿ ಬರುವ ದೋಣಿ, ತೆಂಗಿನ ಸಾಲು ಎಲ್ಲವೂ ಇರುತ್ತದೆ. ನಮ್ಮ ಗಂಗೊಳ್ಳಿಯ ಹತ್ತಿರ ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿದಂತೆ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಕಡಲು ಸೇರುತ್ತವೆ. ಆ ಅಗಲದ ನೀರು ನೋಡಿದವರು ಬೀಚಿನ ಹೆಸರು ಎತ್ತುವುದಿಲ್ಲ. ದಕ್ಷಿಣಕ್ಕೆ ಕೋಡಿ ಬೇಂಗ್ರೆಯೂ ಹಾಗೆಯೇ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಮರವಂತೆಯಲ್ಲಿಯೂ ಹೆದ್ದಾರಿಯ ಎರಡು ಬದಿಗೆ ನೀರಿದೆ, ನಿಜ. ಆದರೆ ಲಾರಿಗಳ ಹಾರ್ನ್ ಕೇಳುತ್ತ ಉಣ್ಣಲು ನನಗಾಗುವುದಿಲ್ಲ. ಕಾರು ನಿಲ್ಲಿಸಿ ನೋಡಿ ಹೊರಡಿ.

ಹೊಳೆಯ ದಂಡೆಗೂ ಎರಡು ಕಾಟಗಳಿವೆ. ಕತ್ತಲಾದೊಡನೆ ಸೊಳ್ಳೆ. ಇನ್ನೊಂದು, ಇಳಿತದ ಹೊತ್ತಿಗೆ ಹೋದರೆ ಎದುರಿಗೆ ಕೆಸರು, ಅದರ ವಾಸನೆ. ಸಂಜೆ ಉಬ್ಬರ ಎಷ್ಟು ಗಂಟೆಗೆ ಎಂದು ಹೋಟೆಲಿನವರಿಗೆ ಫೋನ್ ಮಾಡಿ ಕೇಳಿ, ನಾಚಿಕೆ ಬೇಡ.

ಮಂಗಳೂರಿನಿಂದ:
ಕುಂದಾಪುರದವರು ದರದ ವಿಷಯ ಬಿಟ್ಟರು. ಅಂಜಲ್ (ಸುರ್ಮಾಯಿ), ಮಾಂಜಿ (ಪಾಂಫ್ರೆಟ್), ಏಡಿ, ದೊಡ್ಡ ಸಿಗಡಿಗಳ ಮುಂದೆ ಎಷ್ಟೋ ಕಡೆ ದರ ಬರೆದಿರುವುದಿಲ್ಲ, ‘ಗಾತ್ರಕ್ಕೆ ತಕ್ಕಂತೆ’ ಎಂದಿರುತ್ತದೆ. ನೀರಿಗೆ ಹತ್ತಿರವಾದಷ್ಟೂ ಆ ಗಾತ್ರ ಬೆಳೆಯುತ್ತದೆ! ಒಂದು ಕಡಲಂಚಿನ ಹೋಟೆಲಿನಲ್ಲಿ ನಾವು ದರ ಕೇಳದೆಯೇ ಮಾಂಜಿ ತರಿಸಿದೆವು. ಬಿಲ್ಲು ಬಂದಾಗ ಮಾಣಿ ನಮ್ಮ ಮುಖ ನೋಡಲಿಲ್ಲ. ಈಗ ಹಸಿ ಮೀನಿನ ತಟ್ಟೆಯನ್ನು ಮೇಜಿಗೆ ತರಿಸಿ, ಕಿವಿರು ಕೆಂಪಗಿದೆಯೇ, ಕಣ್ಣು ಗುಳಿ ಬಿದ್ದಿದೆಯೇ ನೋಡಿ, ತೂಕ ಮತ್ತು ದರ ಕೇಳಿದ ಮೇಲೆಯೇ ಹೂಂ ಎನ್ನುವುದು. ಬಂಗುಡೆ, ಬೂತಾಯಿ ತಿನ್ನುವವರಿಗೆ ಈ ತಲೆನೋವು ಕಡಿಮೆ, ರುಚಿಯಲ್ಲಿಯೂ ಅವೇನು ಹಿಂದೆ ಬಿದ್ದಿಲ್ಲ.

ಕುಮಟಾದಿಂದ:
ಅಳಿವೆಯ ಮಾತು ಬಂದ ಮೇಲೆ ಅಘನಾಶಿನಿಯನ್ನು ಬಿಡುವುದುಂಟೇ? ಅಣೆಕಟ್ಟು ಕಾಣದ ಹೊಳೆ ಇದು. ಇದರ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಾದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಸಿಹಿನೀರು, ಉಪ್ಪುನೀರು ತಮ್ಮ ಪಾಡಿಗೆ ಬೆರೆಯುವ ಈ ಜಾಗದಲ್ಲಿ ಬಳಚು, ಅಂದರೆ ಚಿಪ್ಪುಮೀನು, ಹೇರಳ. ಇಳಿತದಲ್ಲಿ ಜನ ಸೊಂಟಮಟ್ಟದ ನೀರಿಗಿಳಿದು ಆರಿಸುತ್ತಾರೆ. ಕುಂದಾಪುರದವರು ಮೂಗು ಮುಚ್ಚಿಕೊಳ್ಳುವ ಕೆಸರೇ ನಮ್ಮ ಉಗ್ರಾಣ. ತೆಂಗಿನಕಾಯಿ ಹಾಕಿ ಮಾಡಿದ ಬಳಚಿನ ಸುಕ್ಕ ಸಿಕ್ಕರೆ ಅಂಜಲ್ ಕಡೆ ನೋಡಬೇಡಿ. ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿ ಇದು ಇರುವುದು ಕಡಿಮೆ, ಸಣ್ಣ ಖಾನಾವಳಿಗಳಲ್ಲಿ ಬೆಳಿಗ್ಗೆಯೇ ಹೇಳಿಡಬೇಕು.

ಮಧ್ಯಾಹ್ನ ಊಟ, ಸಂಜೆ ನೀರು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹೊನ್ನಾವರದ ಶರಾವತಿಯಲ್ಲಿ ಬೆಳಗಿನ ಹೊತ್ತು ದೋಣಿಯಲ್ಲಿ ಸುತ್ತಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಿ, ದಡಕ್ಕೆ ಬಂದು ಅಲ್ಲಿಯೇ ಉಂಡರೆ ಬಿಸಿಲೂ ತಾಗುವುದಿಲ್ಲ, ಸೊಳ್ಳೆಯೂ ಇಲ್ಲ. ಕಾರವಾರಕ್ಕೆ ಹೋದಾಗ ಅಂಜಲ್ ಎಂದು ಕೇಳಬೇಡಿ, ಅಲ್ಲಿ ಅದು ಇಸ್ವಾಣ. ಕೋಕಂ, ತೆಂಗಿನ ಹಾಲಿನ ಸೋಲ್‌ಕಡಿಯನ್ನು ಊಟದ ಕೊನೆಗೆ ಇಟ್ಟುಕೊಳ್ಳಿ.

ಈ ಪುಟವನ್ನು ಮಳೆಗಾಲದಲ್ಲಿ ಓದುವವರಿಗೆ ಒಂದು ಮಾತು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ‘ತಾಜಾ ಅಂಜಲ್’ ಎಂಬ ಫಲಕ ಕಂಡರೆ ಎಲ್ಲಿಂದ ಬಂತೆಂದು ಕೇಳಿ. ಆ ದಿನಗಳಲ್ಲಿ ನಾಡದೋಣಿಯ ಮೀನು, ಹೊಳೆಮೀನೇ ಸರಿ.

ಮೈಸೂರಿನಿಂದ:
ಮರಳುವಾಗ ಈ ಕಡೆಯಿಂದ ಬಂದರೆ ಬಲಮುರಿಯ ಬಳಿ ಕಾವೇರಿ ದಂಡೆಯಲ್ಲಿ ಮೀನು ಕರಿದು ಕೊಡುತ್ತಾರೆ. ಜಿಲೇಬಿ ಮೀನಾದರೆ ಮುಳ್ಳು ನೋಡಿಕೊಂಡು ತಿನ್ನಿ. ಕಡಲ ಮೀನಿನ ಜೊತೆ ಹೋಲಿಸಬೇಡಿ, ಅಷ್ಟೇ.

ಉಡುಪಿಯಿಂದ:
ಎಲ್ಲರೂ ಮೀನಿನಲ್ಲಿ ಮುಳುಗಿ ಅತ್ತೆಯವರನ್ನು ಮರೆತಿರಿ. ಮೀನಿನ ಹೋಟೆಲಿನಲ್ಲಿ ಅವರಿಗೆಂದು ಅಣಬೆ ಘೀ ರೋಸ್ಟ್ ತರಿಸುವುದಾದರೆ, ಬೇರೆ ಬಾಣಲೆಯಲ್ಲಿ ಮಾಡುತ್ತೀರಾ ಎಂದು ಮೊದಲೇ ಕೇಳಿ. ಅದಕ್ಕಿಂತ ಅವರ ಊಟವನ್ನು ಉಡುಪಿಯಲ್ಲಿ ಮುಗಿಸಿಯೇ ದಂಡೆಗೆ ಕರೆದುಕೊಂಡು ಹೋಗುವುದು ನೆಮ್ಮದಿ. ಚಳಿಗಾಲದಲ್ಲಿ ಮಟ್ಟುಗುಳ್ಳದ (ಮಟ್ಟುವಿನ ಬದನೆಯ) ಹುಳಿ ಇರುವ ಕಡೆ ಕೇಳಿಕೊಂಡು ಹೋಗಿ. ಆ ಗುಳ್ಳ ಬೆಳೆಯುವ ಮಟ್ಟು ಊರು ಕಡಲಿಗೂ ಹೊಳೆಗೂ ನಡುವೆ ಇದೆ. ಕಾರಿನಲ್ಲಿ ಕುಳಿತೇ ನೀರು ನೋಡಬಹುದು. ಮಂಡಿನೋವು ಇರುವುದರಿಂದ ಸೇಂಟ್ ಮೇರೀಸ್ ದ್ವೀಪ ಬೇಡ, ದೋಣಿ ಹತ್ತಿ ಇಳಿಯುವುದು ಕಷ್ಟ. ಗೋಕರ್ಣದ ಓಂ ಬೀಚಿಗೂ ಮೆಟ್ಟಿಲಿಳಿಯಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಹಾಗಾದರೆ ಗೋಕರ್ಣವನ್ನೇ ಕೈಬಿಡಬೇಕೇ?

ಕುಮಟಾದಿಂದ:
ಊರು ಬಿಡಬೇಡಿ, ವಾರ ಬದಲಿಸಿ. ಡಿಸೆಂಬರ್ ಕೊನೆಯ ವಾರ ಗೋಕರ್ಣದಲ್ಲಿ ಕೋಣೆಯ ದರ ಏರಿರುತ್ತದೆ, ಊಟಕ್ಕೂ ಕಾಯಬೇಕು. ಸಂಕ್ರಾಂತಿ ಕಳೆದ ಮೇಲೆ, ಸೋಮವಾರದಿಂದ ಗುರುವಾರದ ನಡುವೆ ಬನ್ನಿ. ಬಳಚು ಬೇಕೆಂದರೆ ಹಿಂದಿನ ದಿನ ಇಲ್ಲಿ ಬರೆಯಿರಿ, ಯಾವ ಖಾನಾವಳಿಯಲ್ಲಿ ಇದೆಯೆಂದು ವಿಚಾರಿಸಿ ತಿಳಿಸುತ್ತೇನೆ.