ತುಂಬಿಸಿದ ಮಣ್ಣಿನ ಮೇಲೆ ಪಾಯ ಹಾಕೋ ಮುಂಚೆ

ತಮ್ಮಾ, ಇಳಿಜಾರಿನ ಖಾಲಿ ಜಾಗದ ಮೇಲ್ಭಾಗ ಅಗೆದು, ಅದೇ ಮಣ್ಣು ಕೆಳಗಡೆ ತುಂಬಿಸಿ ಸಮ ಮಾಡಿಸಿದೀನಿ, ಪಾಯ ಶುರು ಮಾಡಬಹುದಾ ಅಂತ ಕೇಳಿದೀಯಲ್ಲ, ಈಗಲೇ ಬೇಡ. ಮೇಲಿಂದ ಒಂದೇ ಮಟ್ಟ ಕಂಡ್ರೂ ಅದು ಎರಡು ಬೇರೆ ನೆಲ. ಅಗೆದ ಕಡೆ ಗಟ್ಟಿ, ತುಂಬಿದ ಕಡೆ ಸಡಿಲ. ಇಡೀ ಮನೆ ಒಂದೇ ಸಮ ಕುಸಿದ್ರೆ ಅಷ್ಟು ಹಾನಿ ಇಲ್ಲ, ಒಂದೇ ಕಡೆ ಕುಸಿದ್ರೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತೆ.

ಮಣ್ಣು ಸುರಿಯೋ ಮುಂಚೆ ಹುಲ್ಲು, ಬೇರು, ಮೇಲಿನ 15-30 ಸೆಂ.ಮೀ. ಮೆದು ಮಣ್ಣು ಕೆರೆಸಿದ್ರಾ? ಇಲ್ಲದಿದ್ರೆ ಅದು ಒಳಗೇ ಕೊಳೆತು ಟೊಳ್ಳಾಗುತ್ತೆ. ಆಮೇಲೆ, ಒಂದೇ ಸಲ ಲೋಡುಗಟ್ಟಲೆ ಸುರಿದು ಜೆಸಿಬಿ ಓಡಾಡಿಸಿದ್ರೆ ಮೇಲಿನ ಪದರ ಮಾತ್ರ ಗಟ್ಟಿಯಾಗೋದು. ಸುಮಾರು 20 ಸೆಂ.ಮೀ. ಪದರ ಹರಡಿ, ಒಂದೊಂದನ್ನೂ ರೋಲರ್‌ನಲ್ಲಿ ಒತ್ತಿಸಿಯೇ ಮುಂದಿನದು ಹಾಕಬೇಕು. ತೇವ ಬಹಳ ಮುಖ್ಯ: ಮಣ್ಣು ಹಿಡಿದು ಉಂಡೆ ಮಾಡಿ ಬೀಳಿಸು, ಎರಡು ಮೂರು ಚೂರಾದ್ರೆ ಸರಿ. ಪುಡಿಯಾದ್ರೆ ಒಣಗಿದೆ, ಚಪ್ಪಟೆಯಾಗಿ ಅಂಟಿಕೊಂಡ್ರೆ ನೀರು ಜಾಸ್ತಿ. ಮಣ್ಣು ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ಲ್ಯಾಬ್‌ನವರ ಹತ್ರ ಸಾಂದ್ರತೆ ಪರೀಕ್ಷೆ ಮಾಡಿಸು, ಸಾಮಾನ್ಯವಾಗಿ ಪ್ರಾಕ್ಟರ್ ಸಾಂದ್ರತೆಯ (ಅದೇ ಮಣ್ಣನ್ನ ಲ್ಯಾಬ್‌ನಲ್ಲಿ ಕುಟ್ಟಿದಾಗ ಸಿಗೋ ಗರಿಷ್ಠ ಒಣ ಸಾಂದ್ರತೆ) ಶೇಕಡಾ 95 ಕೇಳ್ತಾರೆ.

ಈಗಾಗಲೇ ತುಂಬಿ ಆಗಿದ್ರೆ, ಎರಡೂ ಕಡೆ ಪರೀಕ್ಷೆ ಗುಂಡಿ ತೆಗೆಸು. ಹಳೇ ನೆಲ ಎಲ್ಲಿ ಶುರುವಾಗುತ್ತೆ ಅಂತ ಮಣ್ಣಿನ ಬಣ್ಣದಲ್ಲೇ ಬಹಳ ಸಲ ಗೊತ್ತಾಗುತ್ತೆ. ಮರುದಿನ ತಳದಲ್ಲಿ ನೀರು ನಿಂತಿದ್ಯಾ ನೋಡು. ಎದೆಮಟ್ಟದ ಗುಂಡಿಯೊಳಗೆ ಮಾತ್ರ ಯಾರೂ ಇಳಿಯಬಾರದು, ಸಡಿಲ ಮಣ್ಣಿನ ಗೋಡೆ ಸುಳಿವೇ ಕೊಡದೆ ಕುಸಿಯುತ್ತೆ. ತುಂಬಿದ ಆಳ ಒಂದು, ಒಂದೂವರೆ ಮೀಟರ್ ಇದ್ರೆ ಎಲ್ಲಾ ಫುಟಿಂಗನ್ನೂ (ಕಂಬದ ಅಡಿಯ ಅಗಲವಾದ ಕಾಂಕ್ರೀಟ್ ಬುಡ) ಅದರ ಕೆಳಗಿನ ಹಳೇ ಗಟ್ಟಿ ನೆಲಕ್ಕೇ ಇಳಿಸಿ, ಮೇಲೆ ಪ್ಲಿಂತ್ ಬೀಮ್ (ನೆಲಮಟ್ಟದಲ್ಲಿ ಕಂಬಗಳನ್ನ ಕೂಡಿಸೋ ಕಾಂಕ್ರೀಟ್ ತೊಲೆ) ಕಟ್ಟಿಸೋದು ಸುಲಭದ ದಾರಿ. ಇನ್ನೂ ಆಳ ಇದ್ರೆ, ಅಥವಾ ಒಣಗಿದಾಗ ಅಗಲವಾಗಿ ಬಿರುಕು ಬಿಡೋ ಜೇಡಿ ಆಗಿದ್ರೆ, ಮಣ್ಣಿನ ವರದಿ ನೋಡಿ ಸ್ಟ್ರಕ್ಚರಲ್ ಇಂಜಿನಿಯರೇ ಹೇಳಬೇಕು.

ಇಷ್ಟೆಲ್ಲಾ ಮಾಡಿದವರೂ ಮರೆಯೋದು ಒಳಗಿನ ನೆಲ. ಕಂಬಗಳು ಗಟ್ಟಿ ನೆಲದ ಮೇಲೆ ನಿಂತಿರುತ್ತೆ, ಟೈಲ್ಸ್ ಮಾತ್ರ ಸಡಿಲ ಮಣ್ಣಿನ ಮೇಲೇ ಕೂತಿರುತ್ತೆ! ಗೋಡೆ ನೆಟ್ಟಗೇ ಇದ್ದು ಸ್ಕರ್ಟಿಂಗ್ ಕೆಳಗೆ ಸಂದು ಬಿಡೋದು ಅದಕ್ಕೇ. ಪ್ಲಿಂತ್ ಒಳಗೆ, ಅಂದ್ರೆ ಮನೆಯ ನೆಲದ ಅಡಿಗೆ ತುಂಬೋ ಮಣ್ಣನ್ನೂ ಪದರ ಪದರವಾಗಿಯೇ ಒತ್ತಿಸು.

ಇಳಿಜಾರಿನ ಮೇಲ್ಬದಿಗೆ ಅಡ್ಡ ಚರಂಡಿ ಈಗಲೇ ತೆಗೆಸಿಬಿಡು, ಮಳೆ ನೀರು ತುಂಬಿದ ಮಣ್ಣಿಗೆ ನುಗ್ಗಬಾರದು. ಗುಂಡಿ ತೆಗೆದ ಮೇಲೆ ಒಳಗೆ ಟೇಪ್ ಇಳಿಬಿಟ್ಟು ಫೋಟೋ ಹಾಕು, ಎಷ್ಟು ಆಳ ಹೋಗಬೇಕು ಅಂತ ಇಲ್ಲೇ ಮಾತಾಡೋಣ.