ಲೋಡ್ ಬ್ಯಾಲೆನ್ಸಿಂಗ್‌ಗೆ ‘ಹೊರೆ ಹಂಚಿಕೆ’ ಅನ್ನಬಹುದೇ? ಬಾಂಡಿಂಗ್, ಫೇಲ್‌ಓವರ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ನೆಟ್‌ವರ್ಕಿನ ಮೂರು ಇಂಗ್ಲಿಷ್ ಮಾತುಗಳಿಗೆ ಕನ್ನಡ ಪದ ಬೇಕಾಗಿವೆ. ಮೊದಲನೆಯದಕ್ಕೆ ನನ್ನ ಹತ್ತಿರ ಒಂದು ಪದ ಇದೆ, ಅದು ನಿಲ್ಲುತ್ತದೆಯೇ ಅಂತ ಕೇಳಬೇಕು. ಉಳಿದ ಎರಡಕ್ಕೆ ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ.

ನಾನಿರುವುದು ಕಾರವಾರದಲ್ಲಿ, ಮನೆ ಶಿರಸಿ ಹತ್ತಿರದ ಹಳ್ಳಿ. ಅಲ್ಲಿ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಮನೆ ಸರ್ವರ್ ಮಾಡಿದ್ದೇನೆ. ಫೋಟೋ, ತೋಟದ ಲೆಕ್ಕ, ಅಪ್ಪ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ತಾಳಮದ್ದಲೆ ಎಲ್ಲ ಅದರಲ್ಲೇ ಇವೆ. ಅದಕ್ಕೆ ನಾಲ್ಕು ನೆಟ್‌ವರ್ಕ್ ಕಾರ್ಡ್: ಎರಡು ಮನೆಯೊಳಗಿನ ನೆಟ್‌ವರ್ಕ್ ಸ್ವಿಚ್ಚಿಗೆ (ಮನೆಯ ಕಂಪ್ಯೂಟರುಗಳನ್ನು ಜೋಡಿಸುವ ಪೆಟ್ಟಿಗೆ), ಒಂದು ಫೈಬರ್ ರೂಟರಿಗೆ, ಇನ್ನೊಂದು ಸಿಮ್ ಹಾಕುವ ರೂಟರಿಗೆ. ನಾನಿಲ್ಲದಾಗ ನೋಡಿಕೊಳ್ಳುವವರು ಭಾವ. ಅವರಿಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆದುಕೊಡಲು ಕೂತೆ, ಮೊದಲ ಸಾಲಿನಲ್ಲೇ ‘ಲೋಡ್ ಬ್ಯಾಲೆನ್ಸಿಂಗ್’ ಅಂತ ಬರೆದೆ, ಅಂದರೆ ಇಂಟರ್ನೆಟ್ಟಿಗೆ ಹೋಗುವ ಸಂಪರ್ಕಗಳನ್ನು ಎರಡು ದಾರಿಗೆ ಹಂಚುವುದು. ಓದಿದ ಭಾವ, “ಇದಕ್ಕೆ ತ್ರೀ ಫೇಸ್ ಇಲ್ವಲ್ಲ?” ಅಂದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ಎಲೆಕ್ಟ್ರಿಷಿಯನ್ನರು ಮೂರೂ ಫೇಸಿಗೆ ಲೋಡ್ ಹಂಚುವುದಕ್ಕೆ ಇದೇ ಮಾತು ಹೇಳುತ್ತಾರೆ. ಲೋಡ್ ಅಂದರೆ ನಮಗೆ ಕರೆಂಟು, ಇಲ್ಲಾ ಲಾರಿ ತುಂಬ ಕಲ್ಲು.

‘ಭಾರ ಸಮತೋಲನ’ ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಪದ ಉದ್ದ ಅಂತಲ್ಲ, ಅರ್ಥವೇ ತಪ್ಪುತ್ತದೆ. ಸಮತೋಲನ ಅಂದ ಕೂಡಲೇ ತಕ್ಕಡಿ ಕಣ್ಣಿಗೆ ಬರುತ್ತದೆ, ಎರಡೂ ಕಡೆ ಸಮ ಇರಬೇಕು ಅನಿಸುತ್ತದೆ. ಇಲ್ಲಿ ನಡೆಯುವುದು ಹಾಗಲ್ಲ. ಫೈಬರಿಗೆ 3, ಸಿಮ್ಮಿಗೆ 1 ಅಂತ ತೂಕ ಕೊಟ್ಟಿದ್ದೇನೆ, ಹೊಸದಾಗಿ ಹೊರಡುವ ನಾಲ್ಕು ಸಂಪರ್ಕಗಳಲ್ಲಿ ಹೆಚ್ಚುಕಡಿಮೆ ಮೂರು ಫೈಬರಿನಲ್ಲಿ ಹೋಗುತ್ತವೆ, ಒಂದು ಸಿಮ್ಮಿನಲ್ಲಿ. ಅವರವರ ಶಕ್ತಿಗೆ ತಕ್ಕಷ್ಟು, ಅಷ್ಟೇ. ಅದಕ್ಕೆ ‘ಹೊರೆ ಹಂಚಿಕೆ’ ಅನ್ನೋಣ ಅಂತ ನನ್ನ ಆಸೆ. ಬೆಟ್ಟದಿಂದ ಸೊಪ್ಪು ತರುವಾಗ ದೊಡ್ಡವರಿಗೆ ದೊಡ್ಡ ಹೊರೆ, ಹುಡುಗರಿಗೆ ಸಣ್ಣ ಹೊರೆ ಕಟ್ಟುತ್ತಿದ್ದರಲ್ಲ, ಥೇಟ್ ಅದೇ ಕೆಲಸ. ಪೇಪರಿನಲ್ಲಿ ‘ಸಾಲದ ಹೊರೆ’, ‘ತೆರಿಗೆ ಹೊರೆ’ ಓದಿ ಓದಿ ಹೊರೆ ಅಂದರೆ ಕಷ್ಟ ಅನ್ನುವ ಭಾವನೆ ಬಂದಿದೆ, ಗೊತ್ತು. ಆದರೆ ದೇವಸ್ಥಾನಕ್ಕೆ ‘ಹೊರೆಕಾಣಿಕೆ’ ಒಯ್ಯುವ ನಮ್ಮ ಕಡೆ ಆ ಪದ ಅಷ್ಟೇನೂ ಕೆಟ್ಟಿಲ್ಲ. ನಿಮ್ಮ ಕಡೆ ಹೇಗೆ?

ಎರಡನೆಯದು ಬಾಂಡಿಂಗ್, ಅಂದರೆ ಎರಡು ಕಾರ್ಡನ್ನು ಸೇರಿಸಿ ಒಂದೇ ಹೆಸರು, ಒಂದೇ ವಿಳಾಸ ಕೊಡುವುದು. ಗೆಳೆಯರೊಬ್ಬರು ‘ಜೋಡೆತ್ತು’ ಅನ್ನು ಅಂದರು. ಕೇಳಲು ಚೆಂದ, ಆದರೆ ಜೋಡೆತ್ತು ಒಂದೇ ಗಾಡಿಯನ್ನು ಎಳೆಯುತ್ತವೆ. ಲಿನಕ್ಸಿನ ಬಾಂಡಿಂಗಿನಲ್ಲಿ ಏಳು ಬಗೆ ಇವೆ, ಅದರಲ್ಲಿ ನಾನು ಹಾಕಿರುವ ಎಲ್‌ಎಸಿಪಿ (ಸ್ವಿಚ್ಚಿನ ಜೊತೆ ಮಾತಾಡಿಕೊಂಡು ಕಾರ್ಡುಗಳನ್ನು ಸೇರಿಸುವ) ಬಗೆಯಲ್ಲಿ ಒಂದು ಫೈಲ್ ನಕಲು ಮಾಡಿದರೆ ಅದು ಒಂದೇ ಕಾರ್ಡಿನಲ್ಲಿ ಹೋಗುತ್ತದೆ. ಎರಡು ಗಿಗಾಬಿಟ್ ಕಾರ್ಡ್ ಕಟ್ಟಿದರೂ ಆ ಒಂದು ನಕಲಿಗೆ ಸಿಗುವುದು ಒಂದೇ ಗಿಗಾಬಿಟ್. ಇಬ್ಬರು ಮೂವರು ಒಟ್ಟಿಗೆ ಬಳಸಿದಾಗ ಮಾತ್ರ ಲಾಭ. ಜೋಡೆತ್ತು ಅಂದರೆ ಭಾವ ಖಂಡಿತ ಇಮ್ಮಡಿ ವೇಗ ಕಾಯುತ್ತಾರೆ. ‘ಬೆಸುಗೆ’ ಅಂದರೆ ಮತ್ತೆ ಬಿಡಿಸಲಾಗದ್ದು ಅನಿಸುತ್ತದೆ. ಸುಮ್ನೆ ‘ಕಟ್ಟು’ ಸಾಕೇ? ‘ಎರಡು ಕಾರ್ಡಿನ ಕಟ್ಟು’?

ಮೂರನೆಯದು ಫೇಲ್‌ಓವರ್, ಅಂದರೆ ಒಂದು ದಾರಿ ಕೆಟ್ಟಾಗ ಕೆಲಸ ತಾನಾಗಿ ಇನ್ನೊಂದಕ್ಕೆ ತಿರುಗುವುದು. ನನಗೆ ಜಾಸ್ತಿ ಬೇಕಾಗಿರುವುದು ಇದೇ. ಕಳೆದ ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾಯಿತು, ಆದರೂ ಸಿಮ್ಮಿಗೆ ತಿರುಗಲಿಲ್ಲ. ಸರ್ವರಿನಿಂದ ರೂಟರ್‌ವರೆಗಿನ ಕೇಬಲ್ ಚೆನ್ನಾಗಿಯೇ ಇತ್ತು, ಕಾರ್ಡಿನ ದೀಪ ಹೊತ್ತಿತ್ತು. ನಾನು ಹಾಕಿದ್ದ ಪರೀಕ್ಷೆ ದೀಪವನ್ನಷ್ಟೇ ನೋಡುತ್ತಿತ್ತು, ಅದರಾಚೆ ದಾರಿ ಇದೆಯಾ ಅಂತ ನೋಡುತ್ತಿರಲಿಲ್ಲ. ಈಗ ಹೊರಗಿನ ಒಂದು ವಿಳಾಸಕ್ಕೆ ಆಗಾಗ ಪಿಂಗ್ ಮಾಡಿ (‘ಇದ್ದೀಯಾ’ ಅಂತ ಕೇಳುವ ಪುಟ್ಟ ಸಂದೇಶ ಕಳಿಸಿ), ಉತ್ತರ ಬರದಿದ್ದರೆ ದಾರಿ ಬದಲಿಸುವಂತೆ ಮಾಡಿದ್ದೇನೆ. ಇದನ್ನು ಭಾವನಿಗೆ ಹೇಳಲು ಕಾರವಾರದ ಕಾಳಿ ನದಿ ಸೇತುವೆಯ ಉದಾಹರಣೆ ಕೊಟ್ಟೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಕುಸಿದಾಗ, ಅಲ್ಲಿಯವರೆಗೆ ಒಂದೇ ದಿಕ್ಕಿಗೆ ಓಡುತ್ತಿದ್ದ ಹೊಸ ಸೇತುವೆಯ ಮೇಲೆ ಹೋಗುವವರು ಬರುವವರು ಎಲ್ಲರನ್ನೂ ಬಿಡಬೇಕಾಯಿತು ಅಲ್ವಾ, ಅದು ಅವರಿಗೆ ಕೂಡಲೇ ಅರ್ಥವಾಯಿತು. ಅರ್ಥವಾಯಿತು, ಆದರೆ ಪದ ಹುಟ್ಟಲಿಲ್ಲ.

‘ಪರ್ಯಾಯ’ ಅನ್ನಬಹುದಿತ್ತು. ಆದರೆ ಕರಾವಳಿಯಲ್ಲಿ ಪರ್ಯಾಯ ಅಂದರೆ ಉಡುಪಿ ನೆನಪಾಗುತ್ತದೆ, ಎಂಟು ಮಠಗಳು ಎರಡೆರಡು ವರ್ಷ ಸರದಿಯಲ್ಲಿ ಪೂಜೆ ಮಾಡುವುದು. ಅದು ರೌಂಡ್ ರಾಬಿನ್ನಿಗೆ (ಒಂದಾದ ಮೇಲೊಂದಕ್ಕೆ ಸರದಿಯಂತೆ ಕೆಲಸ ಕೊಡುವುದಕ್ಕೆ) ಹೊಂದುತ್ತದೆ, ಫೇಲ್‌ಓವರಿಗಲ್ಲ. (ರೌಂಡ್ ರಾಬಿನ್ನಿಗೆ ನಮ್ಮ ‘ಪಾಳಿ’ಯೇ ಸಾಕು, ಅದರ ಚರ್ಚೆ ಬೇಡ.) ‘ಬದಲಿ’ ಅಂದರೆ ಕಾದು ಕೂತ ಕಾರ್ಡಿನ ಹೆಸರಾಯಿತು, ಕೆಲಸ ಕೈ ಬದಲಾಗುವ ಗಳಿಗೆಯ ಹೆಸರಲ್ಲ. ‘ಹೆಗಲು ಬದಲು’ ಅಂತ ಒಂದು ಹೊಳೆದಿದೆ. ಹೊರೆಯ ಜೊತೆಗೆ ಅದು ಹೊಂದಿಕೊಳ್ಳುತ್ತದೆ. ಆದರೆ ಹೆಗಲು ಅಂದರೆ ಕೆಲವರಿಗೆ ಚಟ್ಟ ಹೊರುವುದು ನೆನಪಾಗಬಹುದು ಅನ್ನುವ ಅಳುಕು.

ದೋಣಿ ನಡೆಸುವವರು, ಅಡ್ಡೆ ಹೊರುವವರು, ಮೇಳದವರು ಹೀಗೆ ಒಬ್ಬ ನಿಂತ ಕೂಡಲೇ ಇನ್ನೊಬ್ಬ ವಹಿಸಿಕೊಳ್ಳುವುದಕ್ಕೆ ಏನಾದರೂ ಹೇಳುವುದನ್ನು ನೀವು ಕೇಳಿದ್ದೀರಾ? ಯಾವ ಊರಿನಲ್ಲಿ ಕೇಳಿದ್ದು ಅಂತಲೂ ಬರೆಯಿರಿ.