ಪ್ಲಾಸ್ಟಿಕ್ಕನ್ನು ಗಾಳಿ ತಾಗದಂತೆ ಕಾಯಿಸುವುದು: ಇದಕ್ಕೆ ಯಾವ ಕ್ರಿಯಾಪದ?

ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಬಿಸಾಡಿದ ಪ್ಲಾಸ್ಟಿಕ್‌ನಿಂದ ವಿದ್ಯುತ್ ಕೂಡಿಡುವ ಸಾಧನಗಳಿಗೆ ಬೇಕಾದ ಇಂಗಾಲ ತಯಾರಿಸುವುದು, ನೀರಿನಲ್ಲಿ ಬೆರೆತ ಲೋಹವನ್ನು ಪತ್ತೆಮಾಡುವ ಕಣ ತಯಾರಿಸುವುದು ಅದರ ವಿಷಯ. ಬರೆಯುತ್ತಾ ಬರೆಯುತ್ತಾ ಒಂದು ಕ್ರಿಯಾಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಮೊದಲ ಕರಡಿನಲ್ಲಿ "ಬಾಟಲಿಗಳನ್ನು ಸುಟ್ಟು ಇಂಗಾಲ ಪಡೆಯುತ್ತಾರೆ" ಅಂತ ಬರೆದಿದ್ದೆ. ಓದಿ ನೋಡಿದ ಒಂಬತ್ತನೇ ತರಗತಿಯ ಹುಡುಗಿ ಕೇಳಿದಳು: "ಹಾಗಾದ್ರೆ ಕಸದ ಪ್ಲಾಸ್ಟಿಕ್ ಸುಡೋದು ಒಳ್ಳೇದೇ ಅಲ್ವಾ?" ಅವಳು ಸರಿಯಾಗಿಯೇ ಓದಿದ್ದಳು, ನಾನು ಬರೆದದ್ದೇ ತಪ್ಪಾಗಿತ್ತು. ಬಯಲಲ್ಲಿ ಸುಟ್ಟ ಪ್ಲಾಸ್ಟಿಕ್‌ನಿಂದ ಮಸಿ, ವಿಷದ ಹೊಗೆ ಬರುತ್ತದೆ. ಪೈಪುಗಳಿಗೆ ಬಳಸುವ ಪಿವಿಸಿ ಪ್ಲಾಸ್ಟಿಕ್ ಇದ್ದರೆ ಡೈಆಕ್ಸಿನ್ ಎಂಬ ಕಡು ವಿಷ ಕೂಡ ಹುಟ್ಟಬಹುದು. ನಾನು ಹೇಳಬೇಕಿದ್ದದ್ದು ಬೇರೆ. ಮುಚ್ಚಿದ ಪಾತ್ರೆಯಿಂದ ಗಾಳಿಯನ್ನು ಹೊರಹಾಕಿ, ಸಾಮಾನ್ಯವಾಗಿ ಸಾರಜನಕ ಹಾಯಿಸಿ, ನೂರಾರು ಡಿಗ್ರಿ ಬಿಸಿ ಕೊಡುತ್ತಾರೆ. ಆಮ್ಲಜನಕ ಇಲ್ಲದ್ದರಿಂದ ಬೆಂಕಿ ಹತ್ತುವುದಿಲ್ಲ. ಉದ್ದುದ್ದ ಅಣುಸರಪಳಿಗಳು ಬಿಸಿಗೆ ತುಂಡಾಗುತ್ತವೆ. ಪೈರೋಲಿಸಿಸ್ ಅನ್ನುವುದು ಇದಕ್ಕೆ.

ಪಠ್ಯಗಳಲ್ಲಿ 'ಉಷ್ಣ ವಿಘಟನೆ' ಎಂಬ ಪದ ಉಂಟು. ಆದರೆ ಸುಣ್ಣದ ಕಲ್ಲನ್ನು ಕಾಯಿಸಿದಾಗ ಆಗುವುದಕ್ಕೂ ಅದೇ ಪದ. ಗಾಳಿ ಇಲ್ಲ ಎಂಬ ಮುಖ್ಯ ಮಾತು ಅದರಲ್ಲಿ ಇಲ್ಲವೇ ಇಲ್ಲ.

'ಸುಡು' ಪೂರ್ತಿ ತಪ್ಪು ಅಂತಲೂ ಅನ್ನಲಾರೆ. ಇಟ್ಟಿಗೆ ಸುಡುತ್ತೇವೆ, ಮಡಕೆ ಸುಡುತ್ತೇವೆ. ಅಲ್ಲಿ ವಸ್ತು ಉರಿದು ಹೋಗುವುದಿಲ್ಲ, ಗಟ್ಟಿಯಾಗುತ್ತದೆ. ಉರಿಸು ಬೇರೆ, ಸುಡು ಬೇರೆ. ಆದರೆ 'ಪ್ಲಾಸ್ಟಿಕ್' ಪಕ್ಕದಲ್ಲಿ 'ಸುಡು' ಬಂದ ಕೂಡಲೇ ಕಸದ ರಾಶಿಗೆ ಕಡ್ಡಿ ಗೀರಿದ ಚಿತ್ರವೇ ಕಣ್ಣಮುಂದೆ ಬರುತ್ತದೆ. 'ಸೀಯಿಸು' ಅಂದರೆ ಒಲೆ ಮೇಲಿಟ್ಟು ಮರೆತಂತೆ, ಬೇಡದೆ ಆದ ಅನಾಹುತ. 'ಕರಕಲಾಗಿಸು' ಕೂಡ ಹಾಗೇ, ಕೆಟ್ಟುಹೋಯಿತು ಅನ್ನಿಸುತ್ತದೆ.

ನನಗೆ ಮನಸ್ಸಿಗೆ ಹತ್ತಿದ್ದು 'ಇದ್ದಿಲಾಗಿಸು'. ಸೌದೆ ಪೇರಿಸಿ, ಮಣ್ಣು ಮೆತ್ತಿ, ಗಾಳಿ ಸಾಕಷ್ಟು ಒಳಹೋಗದಂತೆ ಮಾಡಿದರೇ ಇದ್ದಿಲು. ಗಾಳಿ ನುಗ್ಗಿದರೆ ಬೂದಿ. ಬೂದಿಗೂ ಇದ್ದಿಲಿಗೂ ಇರುವ ಈ ವ್ಯತ್ಯಾಸ ಎಲ್ಲರಿಗೂ ಗೊತ್ತು. ಹೊಸ ವಿಜ್ಞಾನದ ಅರ್ಧ ಅದರಲ್ಲೇ ಇದೆ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್‌ನ ತೂಕದಲ್ಲಿ ಶೇ. 62ಕ್ಕಿಂತ ಜಾಸ್ತಿ ಇಂಗಾಲವೇ. ಅದನ್ನು ಹೀಗೆ ಕಾಯಿಸಿದರೆ ಒಂದು ಪಾಲು ಕಪ್ಪು ಇದ್ದಿಲಾಗಿ ಉಳಿಯುತ್ತದೆ. ಅದಕ್ಕೆ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಬೆರೆಸಿ ಮತ್ತೆ ಕಾಯಿಸಿದರೆ ಒಳಗೆಲ್ಲ ಸಣ್ಣ ಸಣ್ಣ ತೂತು ಬೀಳುತ್ತವೆ. ಒಂದೇ ಗ್ರಾಂ ಪುಡಿಯ ಒಳಮೈಯನ್ನು ಬಿಡಿಸಿ ಹರಡಿದಂತೆ ಲೆಕ್ಕ ಹಾಕಿದರೆ 1,000 ಚದರ ಮೀಟರ್ ದಾಟಬಹುದು. ಆ ತೂತುಗಳ ಗೋಡೆಗೆ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ಅಂಟಿ ನಿಲ್ಲುತ್ತವೆ. ಸೂಪರ್‌ಕೆಪಾಸಿಟರ್ ಎಂಬ ಸಾಧನ ವಿದ್ಯುತ್ ಕೂಡಿಡುವುದು ಹೀಗೆ.

ತೊಡಕು ಇರುವುದು ಪಾಲಿಥೀನ್ ಚೀಲದಲ್ಲಿ. ಅದನ್ನು ಸುಮ್ನೆ ಹೀಗೆ ಕಾಯಿಸಿದರೆ ಇದ್ದಿಲು ಹೆಚ್ಚುಕಮ್ಮಿ ಉಳಿಯುವುದೇ ಇಲ್ಲ. ಬರುವುದೆಲ್ಲ ಎಣ್ಣೆ, ಮೇಣ, ಅನಿಲ. ಇದ್ದಿಲೇ ಇಲ್ಲದ ಕಡೆ 'ಇದ್ದಿಲಾಗಿಸು' ಅನ್ನುವುದು ಹೇಗೆ?

ಇದರ ಜೊತೆಗೇ ಇನ್ನೊಂದೆರಡು ಪದ. ಬಾಟಲಿಯ ಚೂರುಗಳಿಂದ ಕಾರ್ಬನ್ ಡಾಟ್ಸ್ ಎಂಬ, 10 ನ್ಯಾನೋಮೀಟರ್‌ಗಿಂತ ಚಿಕ್ಕ ಕಣಗಳನ್ನೂ ಮಾಡುತ್ತಾರೆ. ಅವು ಬೆರೆತ ನೀರು ಹಗಲಲ್ಲಿ ತಿಳಿ ಕಂದು. ಅತಿನೇರಳೆ ದೀಪ ಹಿಡಿದರೆ ನೀಲಿಯಾಗಿ ಬೆಳಗುತ್ತದೆ. ಕಬ್ಬಿಣದ ಅಯಾನು ಇರುವ ನೀರು ಸೇರಿಸಿದರೆ ಆ ನೀಲಿ ಕುಗ್ಗುತ್ತದೆ. ಎಷ್ಟು ಕುಗ್ಗಿತು ಎಂಬುದರಿಂದ ಕಬ್ಬಿಣ ಎಷ್ಟಿದೆ ಎಂದು ತಿಳಿಯುತ್ತದೆ. ಇವಕ್ಕೆ 'ಇಂಗಾಲದ ಬಿಂದು' ಬೇಡ ಅನ್ನಿಸಿತು. ನೀರಿನ ಮಾತಿನ ನಡುವೆ ಬಿಂದು ಅಂದರೆ ಹನಿ ಅಂತಾಗುತ್ತದೆ. 'ಇಂಗಾಲದ ಚುಕ್ಕಿ' ಅಂದರೆ ಎಷ್ಟು ಚೆನ್ನ! ಚುಕ್ಕಿ ಅಂದರೆ ಸಣ್ಣ ಗುರುತೂ ಹೌದು, ಬೆಳಗುವ ನಕ್ಷತ್ರವೂ ಹೌದು.

ಬೆಳಕು ಕುಗ್ಗುವುದಕ್ಕೆ ಗೆಳೆಯರೊಬ್ಬರು 'ಆರು' ಅಂದರು. ದೀಪ ಆರುತ್ತದೆ ನಿಜ. ಆದರೆ ಬಿಸಿನೀರೂ ಆರುತ್ತದೆ, ಬಟ್ಟೆಯೂ ಆರುತ್ತದೆ. ಮೇಲಾಗಿ ಆರುವುದು ಅಂದರೆ ಪೂರ್ತಿ ಹೋಗುವುದು. ಇಲ್ಲಿ ಎಷ್ಟು ಕಡಿಮೆಯಾಯಿತು ಎನ್ನುವುದೇ ಅಳತೆ. ಅದಕ್ಕೆ 'ಮಂಕಾಗು' ಇಟ್ಟುಕೊಂಡಿದ್ದೇನೆ. ನೀರಿನಲ್ಲಿ ಏನು ಬೆರೆತಿದೆ ಎಂದು ಆಗಾಗ ನೋಡುತ್ತಿರುವುದಕ್ಕೆ ಕರಡಿನಲ್ಲಿ ಬರೆದಿದ್ದ 'ನೀರಿನ ಮೇಲ್ವಿಚಾರಣೆ' ತೆಗೆದು 'ನೀರಿನ ಮೇಲೆ ನಿಗಾ' ಮಾಡಿದೆ. ಮೇಲ್ವಿಚಾರಣೆ ಅಂದರೆ ಯಾರೋ ನಿಂತು ಕೆಲಸ ಮಾಡಿಸಿದಂತೆ.

ಹಾಗಾಗಿ ನನ್ನ ಪ್ರಶ್ನೆ ಇಷ್ಟು. ಇದ್ದಿಲು ಉಳಿಯುವ ಕಡೆ 'ಇದ್ದಿಲಾಗಿಸು', ಎಣ್ಣೆ ಬರುವ ಕಡೆ 'ಕಾಯಿಸಿ ಒಡೆ' ಅಂತ ಎರಡು ಕ್ರಿಯಾಪದ ಬಳಸಿದರೆ ಮಕ್ಕಳಿಗೆ ಗೊಂದಲ ಆಗುತ್ತದೆಯೇ? ಅಥವಾ ಎರಡಕ್ಕೂ ಹೊಂದುವ, ಗಾಳಿ ಇಲ್ಲ ಎಂಬುದನ್ನೂ ಹೇಳುವ ಒಂದು ಪದ ನಿಮ್ಮ ಕಡೆ ಬಳಕೆಯಲ್ಲಿದೆಯೇ? ಕುಲುಮೆ, ಆವಿಗೆ, ಇದ್ದಿಲ ಗೂಡಿನ ಕೆಲಸ ಹತ್ತಿರದಿಂದ ಕಂಡವರು ದಯವಿಟ್ಟು ಹೇಳಿ.